ಮೊದಲು ಜೇಬು, ಆಮೇಲೆ ಯಂತ್ರ

ನನ್ನ ಕೈಯಲ್ಲಿರುವುದನ್ನು ಹಿಂದೆ ಕೂತವರಿಗೂ ಕಾಣುವ ಹಾಗೆ ಎತ್ತಿ ಹಿಡಿಯುತ್ತೇನೆ. ದೂರದಿಂದ ಹಳೇ ಟಿವಿ ರಿಮೋಟ್ ಥರ ಕಾಣಬಹುದು. ಇದು ಎಚ್‌ಪಿ-35. ಹ್ಯೂಲೆಟ್-ಪ್ಯಾಕರ್ಡ್ ಕಂಪನಿ 1972ರ ಆರಂಭದಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡಿದ ಕ್ಯಾಲ್ಕುಲೇಟರ್. ಸೈನ್, ಕಾಸ್, ಲಾಗ್ ಎಲ್ಲ ಮಾಡುತ್ತಾ ಜೇಬಿಗೂ ಹಿಡಿಸಿದ ಮೊದಲ ಯಂತ್ರ ಇದೇ. ಬೆಲೆ 395 ಡಾಲರ್. ಹೆಸರಿನ ಜೊತೆ 35 ಯಾಕೆ ಅಂತ ಕೇಳುತ್ತಾರೆ. ದೊಡ್ಡ ಗುಟ್ಟೇನಿಲ್ಲ. ಬಟನ್‌ಗಳನ್ನು ಎಣಿಸಿ ನೋಡಿ, 35 ಇವೆ.

ಸಾಮಾನ್ಯವಾಗಿ ಇಂಥ ಸಾಮಾನು ಹೇಗೆ ತಯಾರಾಗುತ್ತದೆ? ಎಂಜಿನಿಯರುಗಳು ಮೊದಲು ಸರ್ಕ್ಯೂಟ್ ಮಾಡುತ್ತಾರೆ. ಅದು ಎಷ್ಟು ದೊಡ್ಡದಾಗುತ್ತದೋ ಅಷ್ಟು ದೊಡ್ಡ ಡಬ್ಬ ಹುಡುಕುತ್ತಾರೆ. ಇಲ್ಲಿ ಆಗಿದ್ದು ತಿರುಗಾಮುರುಗಾ. ಡಬ್ಬದ ಆಕಾರ ಮೊದಲು ನಿಂತಿತು. ಒಳಗಿನವರು ಅದಕ್ಕೆ ತಕ್ಕ ಹಾಗೆ ತಮ್ಮ ಸಾಮಾನನ್ನು ಕುಗ್ಗಿಸಬೇಕಾಯಿತು. ಇದನ್ನು ಬಿಚ್ಚಿದಾಗೆಲ್ಲ ನನಗೆ ಅದೇ ಕಾಣುತ್ತದೆ. ಒಳಗಿರುವ ಒಂದೊಂದು ವಿಚಿತ್ರದ ಹಿಂದೆಯೂ ಜೇಬಿನ ಅಳತೆ ಇದೆ.

ಇದಕ್ಕೊಬ್ಬ ಅಣ್ಣ ಇದ್ದ. 1968ರ ಎಚ್‌ಪಿ 9100ಎ. ಮೇಜಿನ ಮೇಲೆ ಇಡುವ ಯಂತ್ರ, ತೂಕ ಸುಮಾರು 18 ಕಿಲೋ, ಬೆಲೆ 4,900 ಡಾಲರ್. ಅದರೊಳಗೆ ಒಂದೇ ಒಂದು ಐಸಿ, ಅಂದರೆ ಚಿಪ್, ಇರಲಿಲ್ಲ. ಬಿಡಿ ಬಿಡಿ ಟ್ರಾನ್ಸಿಸ್ಟರ್, ಡಯೋಡ್‌ಗಳಲ್ಲೇ ಕಟ್ಟಿದ್ದು. ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಬಿಲ್ ಹ್ಯೂಲೆಟ್ ಅದನ್ನು ನೋಡಿ ಖುಷಿಪಟ್ಟರು. ಆಮೇಲೆ, ಇದು ನನ್ನ ಅಂಗಿಯ ಜೇಬಿಗೆ ಬರಬೇಕು ಅಂದರು. ಎಂಜಿನಿಯರುಗಳು ಅವರ ಜೇಬಿನ ಅಳತೆಯನ್ನೇ ತೆಗೆದುಕೊಂಡರು ಅಂತ ಒಂದು ಕಥೆ ಇದೆ. ಕಥೆ ನಿಜವೋ ಸುಳ್ಳೋ, ಯಂತ್ರವಂತೂ ಜೇಬಿಗೆ ಹಿಡಿಸುತ್ತದೆ. ತೂಕ ಸುಮಾರು 250 ಗ್ರಾಂ. ಅಂಗಿ ಒಂದು ಕಡೆ ಜೋತು ಬೀಳುತ್ತದೆ, ಆ ಮಾತು ಬೇರೆ.

ಇಷ್ಟು ದುಬಾರಿ ಕ್ಯಾಲ್ಕುಲೇಟರನ್ನು ಯಾರೂ ಕೊಳ್ಳುವುದಿಲ್ಲ ಅಂತ ಮಾರುಕಟ್ಟೆ ಸಮೀಕ್ಷೆ ಹೇಳಿತ್ತು. ಎಂಜಿನಿಯರುಗಳ ಹತ್ತಿರ ಸ್ಲೈಡ್ ರೂಲ್, ಅಂದರೆ ಪಟ್ಟಿ ಜಾರಿಸಿ ಲೆಕ್ಕ ಹಾಕುವ ಅಳತೆಗೋಲು, ಇತ್ತಲ್ಲ, ಅದು ಅಗ್ಗ, ಬ್ಯಾಟರಿಯೂ ಬೇಡ. ಆದರೂ ಹ್ಯೂಲೆಟ್ ಮಾಡಿಸಿದರು. ಮೊದಲ ವರ್ಷವೇ ಒಂದು ಲಕ್ಷ ಯಂತ್ರ ಮಾರಾಟವಾಯಿತು. ನಾಲ್ಕೈದು ವರ್ಷದಲ್ಲಿ ಸ್ಲೈಡ್ ರೂಲ್ ಮಾಡುವ ದೊಡ್ಡ ಕಾರ್ಖಾನೆಗಳು ಬಾಗಿಲು ಹಾಕಿದವು.

ಈಗ ಬಿಚ್ಚೋಣ. ಸ್ಕ್ರೂ ಎಲ್ಲಿದೆ ಅಂತ ಹುಡುಕಿದರೆ ಸಿಗುವುದಿಲ್ಲ. ಹಿಂಬದಿಯ ಲೇಬಲ್ ಮತ್ತು ರಬ್ಬರ್ ಪಾದಗಳ ಕೆಳಗೆ ಅಡಗಿವೆ. ನಾನು ಮೊದಲ ಸಲ ಬಿಚ್ಚುವಾಗ ಇದು ಗೊತ್ತಿಲ್ಲದೆ ಅಂಚಿಗೆ ಚಾಕು ತೂರಿಸಿದೆ. ಆ ಗಾಯ ಇನ್ನೂ ಇದೆ, ಇಲ್ಲಿ ನೋಡಿ. ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಹೇಳಿ ಮಾರಿದ್ದರು. ಮನೆಗೆ ತಂದು ನೋಡಿದರೆ ಹಳೇ ಬ್ಯಾಟರಿ ಸೋರಿ, ತಾಮ್ರದ ಮೇಲೆ ಹಸಿರು ಕಿಲುಬು ಕಟ್ಟಿತ್ತು. ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿದರೆ ಹೊರಬರುವುದು ಕ್ಷಾರ. ಹತ್ತಿಗೆ ಒಂಚೂರು ವಿನೆಗರ್ ಹಚ್ಚಿ ಒರೆಸಿದರೆ ಹೋಗುತ್ತದೆ. ನನಗೆ ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು.

ಒಳಗೆ ಎರಡು ಸರ್ಕ್ಯೂಟ್ ಹಲಗೆಗಳಿವೆ. ಮೇಲಿನದರಲ್ಲಿ ಬಟನ್‌ಗಳು ಮತ್ತು ಡಿಸ್‌ಪ್ಲೇ. ಕೆಳಗಿನದರಲ್ಲಿ ಲೆಕ್ಕ ಮಾಡುವ ಚಿಪ್‌ಗಳು. ಮುಖ್ಯ ಚಿಪ್‌ಗಳು ಐದೇ ಐದು. ಒಂದು ಕೂಡುವ ಕಳೆಯುವ ಕೆಲಸಕ್ಕೆ. ಇನ್ನೊಂದು ಎಲ್ಲರನ್ನೂ ತಾಳಕ್ಕೆ ಕುಣಿಸುವುದಕ್ಕೆ, ಯಾವ ಬಟನ್ ಒತ್ತಿದರು ಅಂತ ನೋಡುವುದೂ ಅದರ ಪಾಲಿಗೆ. ಉಳಿದ ಮೂರು ರಾಮ್ ಅಲ್ಲ, ರೋಮ್. ಓದಬಹುದು, ಬರೆಯೋಕಾಗಲ್ಲ. ಒಂದೊಂದರಲ್ಲಿ 256 ಆಜ್ಞೆಗಳು, ಒಟ್ಟು 768. ಒಂದು ಆಜ್ಞೆಗೆ 10 ಬಿಟ್, ಅಂದರೆ ಹತ್ತು ಸೊನ್ನೆ-ಒಂದುಗಳು.

ಇದು ಎಷ್ಟು ಕಮ್ಮಿ ಅಂತ ಒಂದು ಲೆಕ್ಕ ಹಾಕಿ. 7,680 ಬಿಟ್, ಅಂದರೆ 960 ಬೈಟ್. ನಾವು ಫೋನಿನಲ್ಲಿ ಕನ್ನಡ ಬರೆಯುತ್ತೇವಲ್ಲ, ಅದು ಯುಟಿಎಫ್-8 ಅನ್ನುವ ಸಂಕೇತ ಪದ್ಧತಿಯಲ್ಲಿ ಉಳಿಯುವಾಗ ಒಂದೊಂದು ಅಕ್ಷರಕ್ಕೆ, ಗುಣಿತ, ಒತ್ತು ಎಲ್ಲದಕ್ಕೂ, 3 ಬೈಟ್ ಬೇಕು. ಆ ಲೆಕ್ಕದಲ್ಲಿ ಎಚ್‌ಪಿ-35ರ ಇಡೀ ಬುದ್ಧಿ ನಾಲ್ಕೈದು ಸಾಲಿನ ಒಂದು ವಾಟ್ಸ್ಆ್ಯಪ್ ಮೆಸೇಜಿನಷ್ಟು. ಅಷ್ಟರಲ್ಲೇ ಸೈನ್, ಕಾಸ್, ಟ್ಯಾನ್, ಅವುಗಳ ಉಲ್ಟಾ, ಎರಡು ಬಗೆಯ ಲಾಗ್, ವರ್ಗಮೂಲ, ಘಾತ, ಎಲ್ಲವೂ ಹಿಡಿಸಬೇಕಿತ್ತು.

ಇನ್ನೊಂದು ಮಿತವ್ಯಯ ತಂತಿಗಳಲ್ಲಿ. ಈ ಯಂತ್ರದಲ್ಲಿ ಒಂದು ಸಂಖ್ಯೆ ಅಂದರೆ 14 ಅಂಕಿಗಳ ಸ್ಥಳ. ಮುಖ್ಯ ಸಂಖ್ಯೆಗೆ 10, ಅದರ ಚಿಹ್ನೆಗೆ 1, ಹತ್ತರ ಘಾತಕ್ಕೆ 2, ಘಾತದ ಚಿಹ್ನೆಗೆ 1. ಒಂದೊಂದು ಅಂಕಿಗೆ 4 ಬಿಟ್, ಒಟ್ಟು 56. ಇವನ್ನೆಲ್ಲ ಒಟ್ಟಿಗೆ ಸಾಗಿಸಲು 56 ತಂತಿ ಎಳೆದರೆ ಜೇಬು ಸಾಲದು. ಅದಕ್ಕೆ ಬಿಟ್‌ಗಳನ್ನು ಇರುವೆ ಸಾಲಿನ ಹಾಗೆ ಒಂದರ ಹಿಂದೆ ಒಂದು ಒಂದೇ ತಂತಿಯಲ್ಲಿ ಕಳಿಸಿದರು. ಒಂದು ಸಾಲು ದಾಟಲು 280 ಮೈಕ್ರೋಸೆಕೆಂಡ್. ಆ ಹೊತ್ತಿನಲ್ಲಿ ಒಂದು ಆಜ್ಞೆ ಮುಗಿಯುತ್ತದೆ. ಸೆಕೆಂಡಿಗೆ ಸುಮಾರು 3,500 ಆಜ್ಞೆ. ಇವತ್ತಿನ ಕಣ್ಣಿಗೆ ನಿಧಾನ, ನಿಜ. ಆದರೆ ಕೂಡುವುದಕ್ಕೆ 60 ಮಿಲಿಸೆಕೆಂಡ್, ಸೈನ್ ತೆಗೆಯಲು ಹೆಚ್ಚೆಂದರೆ ಅರ್ಧ ಸೆಕೆಂಡ್. ಅದುವರೆಗೆ ಕೋಷ್ಟಕದ ಪುಸ್ತಕ ತಿರುವುತ್ತಿದ್ದವನಿಗೆ ಅರ್ಧ ಸೆಕೆಂಡ್ ಏನು ಮಹಾ?

ನನಗೆ ಬಹಳ ಇಷ್ಟವಾದ ಭಾಗ ಈಗ. ಕೂಡುವುದು, ಕಳೆಯುವುದು, ಅಂಕಿಗಳನ್ನು ಒಂದು ಮನೆ ಆಚೆ ಈಚೆ ಸರಿಸುವುದು. ಇಷ್ಟು ಮಾತ್ರ ಬರುವ ಚಿಪ್ ಟ್ಯಾನ್ ಹೇಗೆ ಕಂಡುಹಿಡಿಯುತ್ತದೆ? ಕೋಷ್ಟಕ ಇಟ್ಟುಕೊಳ್ಳಲು ಒಳಗೆ ಜಾಗವಿಲ್ಲ. ಶಾಲೆಯಲ್ಲಿ ಕಲಿತ ಸರಣಿ ಬಳಸಿದರೆ ಗುಣಾಕಾರ, ಭಾಗಾಕಾರ ಜಾಸ್ತಿ, ತುಂಬಾ ಹೊತ್ತು ಹಿಡಿಯುತ್ತದೆ.

ಉತ್ತರ ಬಂದಿದ್ದು ಯುದ್ಧವಿಮಾನದಿಂದ. ಕಾನ್‌ವೇರ್ ಕಂಪನಿಯಲ್ಲಿದ್ದ ಜಾಕ್ ವೋಲ್ಡರ್ ಅವರು ಬಿ-58 ಬಾಂಬರ್ ವಿಮಾನದ ದಾರಿ ಲೆಕ್ಕಕ್ಕಾಗಿ ಒಂದು ಉಪಾಯ ಹುಡುಕಿ 1959ರಲ್ಲಿ ಪ್ರಕಟಿಸಿದರು. ಅದರ ಹೆಸರು ಕಾರ್ಡಿಕ್. ಎಚ್‌ಪಿಯ ಡೇವ್ ಕಾಕ್ರನ್ ಆ ದಾರಿಯನ್ನು ನಮ್ಮ ಹತ್ತರ ಅಂಕಿಗಳಿಗೆ ಹೊಂದಿಸಿ ಈ ರೋಮ್‌ಗಳಲ್ಲಿ ಕೂರಿಸಿದರು. ಹೇಳಿದರೆ ಕಷ್ಟ ಅನ್ನಿಸಬಹುದು, ಮಾಡಿದರೆ ಸುಲಭ. ಪೆನ್ನು ಇದ್ದವರು ತೆಗೆಯಿರಿ. 57 ಡಿಗ್ರಿಯ ಟ್ಯಾನ್ ಕಂಡುಹಿಡಿಯೋಣ.

ಮೊದಲು ಕೋನವನ್ನು ಚಿಲ್ಲರೆ ಮಾಡಿ. ನಮ್ಮ ಹತ್ತಿರ ಕೆಲವೇ ನಾಣ್ಯಗಳಿವೆ. 45 ಡಿಗ್ರಿ, ಅದರ ಟ್ಯಾನ್ 1. ಆಮೇಲೆ 5.7106 ಡಿಗ್ರಿ, ಅದರ ಟ್ಯಾನ್ 0.1. ಆಮೇಲೆ 0.5729 ಡಿಗ್ರಿ, ಟ್ಯಾನ್ 0.01. ಹೀಗೆ ಮುಂದಕ್ಕೆ. 57ರಲ್ಲಿ 45 ಒಂದು ಸಲ ಹೋಗುತ್ತದೆ, ಉಳಿದಿದ್ದು 12. ಅದರಲ್ಲಿ 5.7106 ಎರಡು ಸಲ, ಉಳಿದಿದ್ದು 0.5788. ಅದರಲ್ಲಿ 0.5729 ಒಂದು ಸಲ. ಉಳಿದ ಪುಡಿ 0.0059, ಅದನ್ನು ಸದ್ಯಕ್ಕೆ ಬಿಡಿ. ನಮ್ಮ ಚಿಲ್ಲರೆ ಲೆಕ್ಕ: ಒಂದು, ಎರಡು, ಒಂದು.

ಈಗ ಹಾಳೆಯ ಮೇಲೆ ಒಂದು ಮಲಗಿದ ಕಡ್ಡಿ. ಅಡ್ಡ ಅಳತೆ 1, ಎತ್ತರ 0. ಅದನ್ನು ಚಿಲ್ಲರೆ ಚಿಲ್ಲರೆಯಾಗಿ ತಿರುಗಿಸುತ್ತಾ ಹೋಗುತ್ತೇವೆ. ನಿಯಮ ಒಂದೇ. ಎತ್ತರದ ಒಂದು ಪಾಲನ್ನು ಅಡ್ಡದಿಂದ ಕಳೆಯಿರಿ, ಅಡ್ಡದ ಅದೇ ಪಾಲನ್ನು ಎತ್ತರಕ್ಕೆ ಕೂಡಿ. ಎರಡೂ ಕಡೆ ಹಳೇ ಅಳತೆಗಳನ್ನೇ ಬಳಸಬೇಕು. ಪಾಲು ಅಂದರೆ ಆ ನಾಣ್ಯದ ಟ್ಯಾನ್. ಮೊದಲು 45 ಡಿಗ್ರಿ, ಪಾಲು 1. ಅಡ್ಡ 1, ಎತ್ತರ 1. ಆಮೇಲೆ ಪಾಲು 0.1. ಅಡ್ಡ 0.9, ಎತ್ತರ 1.1. ಇನ್ನೊಂದು ಸಲ 0.1. ಅಡ್ಡ 0.79, ಎತ್ತರ 1.19. ಕೊನೆಗೆ 0.01. ಅಡ್ಡ 0.7781, ಎತ್ತರ 1.1979. ಎತ್ತರವನ್ನು ಅಡ್ಡದಿಂದ ಭಾಗಿಸಿ. 1.5395.

ನಿಜವಾದ ಉತ್ತರ 1.5399. ಗುಣಾಕಾರ ಎಲ್ಲಿ ಮಾಡಿದಿರಿ ಹೇಳಿ? 0.1ರಿಂದ ಗುಣಿಸುವುದು ಅಂದರೆ ಅಂಕಿಗಳನ್ನು ಒಂದು ಮನೆ ಬಲಕ್ಕೆ ಸರಿಸುವುದು, ಅಷ್ಟೇ. ಉಳಿದದ್ದೆಲ್ಲ ಕೂಡು, ಕಳೆ. ಭಾಗಿಸಿದ್ದು ಕೊನೆಗೆ ಒಂದೇ ಸಲ. ಬಿಟ್ಟಿದ್ದ ಪುಡಿಯನ್ನೂ ಇನ್ನೆರಡು ಸುತ್ತು ಚಿಲ್ಲರೆ ಮಾಡಿದರೆ 1.5399 ಬಂದೇ ಬಿಡುತ್ತದೆ. ಮನೆಗೆ ಹೋಗಿ ಮಾಡಿ ನೋಡಿ. ಯಂತ್ರ ಕೋನವನ್ನು ಇಟ್ಟುಕೊಳ್ಳುವುದು ಡಿಗ್ರಿಯಲ್ಲಲ್ಲ, ರೇಡಿಯನ್‌ನಲ್ಲಿ, ಸುತ್ತುಗಳೂ ಜಾಸ್ತಿ. ಆದರೆ ಆಟ ಇದೇ. ಸೈನ್ ಬೇಕಾದರೂ ಅದು ಮೊದಲು ಟ್ಯಾನ್ ತೆಗೆದು, ಆಮೇಲೆ ಅದರಿಂದ ಸೈನ್ ಮಾಡಿಕೊಳ್ಳುತ್ತದೆ. ಬೇರೆ ಪ್ರೋಗ್ರಾಂ ಬರೆಯಲು ಜಾಗ ಎಲ್ಲಿದೆ?

ಲಾಗ್‌ಗೂ ಇಂಥದೇ ಚಿಲ್ಲರೆ ವ್ಯಾಪಾರ. ಅಲ್ಲಿನ ನಾಣ್ಯಗಳು 2, 1.1, 1.01, 1.001 ಇವುಗಳ ಲಾಗ್‌ಗಳು. ಇದರ ಬೇರು ಬಹಳ ಹಳೇದು. 1624ರಲ್ಲಿ ಲಾಗ್ ಕೋಷ್ಟಕ ಪ್ರಕಟಿಸಿದ ಹೆನ್ರಿ ಬ್ರಿಗ್ಸ್ ಹತ್ತಿರವೇ ಇದರ ಮೂಲ ಇದೆ. ಕೈಯಲ್ಲಿ ಲೆಕ್ಕ ಮಾಡುತ್ತಿದ್ದವನ ಕಷ್ಟ ಮತ್ತು ಪುಟ್ಟ ಚಿಪ್ಪಿನ ಕಷ್ಟ ಒಂದೇ ಥರದ್ದು ನೋಡಿ. ಇಬ್ಬರಿಗೂ ಗುಣಾಕಾರ ಅಂದರೆ ಆಗದು.

ಇನ್ನು ಬಟನ್‌ಗಳು. ಇದರಲ್ಲಿ ಸಮ ಚಿಹ್ನೆ ಇಲ್ಲ! ಇದನ್ನು ಯಾರ ಕೈಗೆ ಕೊಟ್ಟರೂ ಮೊದಲು ಹುಡುಕುವುದು ಅದನ್ನೇ. ಅದರ ಬದಲು ಎರಡು ಬಟನ್ ಅಗಲದ ಒಂದು ಎಂಟರ್ ಇದೆ. ಮೊದಲು ಸಂಖ್ಯೆಗಳನ್ನು ಕೊಡಬೇಕು, ಏನು ಮಾಡಬೇಕು ಅಂತ ಆಮೇಲೆ ಹೇಳಬೇಕು. 3 ಮತ್ತು 4 ಕೂಡಿ, 5 ಮತ್ತು 6 ಕೂಡಿ, ಎರಡನ್ನೂ ಗುಣಿಸಬೇಕು ಅಂತಿಟ್ಟುಕೊಳ್ಳಿ. 3, ಎಂಟರ್, 4, ಕೂಡು. 5, ಎಂಟರ್, 6, ಕೂಡು. ಗುಣಿಸು. 77 ಬಂತು. ಬ್ರಾಕೆಟ್ ಇಲ್ಲವೇ ಇಲ್ಲ. ಮೊದಲ 7 ಎಲ್ಲಿತ್ತು? ಒಳಗೆ ನಾಲ್ಕು ತಟ್ಟೆಗಳ ಒಂದು ರಾಶಿ ಇದೆ. ಹೊಸದು ಬಂದಾಗ ಹಳೇದು ಒಂದು ಮೆಟ್ಟಿಲು ಸರಿದು ಕಾಯುತ್ತದೆ. ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ವುಕಾಸಿಯೆವಿಚ್ 1920ರ ದಶಕದಲ್ಲಿ ಬ್ರಾಕೆಟ್ ಇಲ್ಲದೆ ಬರೆಯುವ ಒಂದು ಕ್ರಮ ತಂದಿದ್ದರು. ಅದನ್ನು ತಿರುವಿಹಾಕಿದ್ದು ಇದು.

ನನಗೊಂದು ಅನ್ನಿಸುತ್ತದೆ. ಕನ್ನಡದವರಿಗೆ ಇದು ಬೇಗ ಹತ್ತಬೇಕು. ನಾವು ಮಾತಾಡುವುದೇ ಹೀಗಲ್ವಾ? "ಮೂರನ್ನೂ ನಾಲ್ಕನ್ನೂ ಕೂಡು." ಕ್ರಿಯಾಪದ ಕೊನೆಗೆ. ಎಚ್‌ಪಿ-35 ಕೂಡ ಕ್ರಿಯಾಪದವನ್ನು ಕೊನೆಗೇ ಕೇಳುತ್ತದೆ. ಇದನ್ನು ಇಷ್ಟಪಡುವವರು ಇದೇ ಶ್ರೇಷ್ಠ ಅಂತ ಗಂಟೆಗಟ್ಟಲೆ ವಾದಿಸುತ್ತಾರೆ. ನಾನೂ ವಾದಿಸಿದ್ದೇನೆ. ಆದರೆ ಜಾಗದ ಲೆಕ್ಕವನ್ನೂ ಮರೆಯಬಾರದು. ಬ್ರಾಕೆಟ್ ಅರ್ಥ ಮಾಡಿಕೊಳ್ಳಲು, ಮೊದಲು ಗುಣಿಸಬೇಕೋ ಕೂಡಬೇಕೋ ಅಂತ ನಿರ್ಧರಿಸಲು ಪ್ರೋಗ್ರಾಂ ಬೇಕು. ಇರುವುದೇ 768 ಆಜ್ಞೆ. ಆ ಕೆಲಸವನ್ನು ಬಳಸುವವರ ತಲೆಗೆ ದಾಟಿಸಿದರೆ ಅಷ್ಟು ಉಳಿತಾಯ.

ಬಟನ್ ಒತ್ತಿದರೆ ಒಂದು ಸಣ್ಣ ಟಕ್ ಸಿಗುತ್ತದೆ. ಮೈಕ್ ಹತ್ತಿರ ಹಿಡಿಯುತ್ತೇನೆ, ಕೇಳಿ. ಡಬ್ಬದ ಮುಚ್ಚಳದ ನಡುವೆ ಹೆಬ್ಬೆರಳಿಟ್ಟು ಒತ್ತಿದರೆ ಟಕ್ ಅಂತ ಒಳಗೆ ಹೋಗಿ, ಬಿಟ್ಟರೆ ವಾಪಸ್ ಬರುತ್ತದಲ್ಲ, ಅದೇ ತಂತ್ರ. ಬಟನ್ ಕೆಳಗೆ ತೆಳು ಲೋಹದ ಪಟ್ಟಿ, ಬೆನ್ನು ಒಂಚೂರು ಉಬ್ಬಿದೆ. ಒತ್ತಿದಾಗ ಉಬ್ಬು ಮಗುಚಿ ಹಲಗೆಯ ಮೇಲಿನ ಗೆರೆಗೆ ತಾಗುತ್ತದೆ. ಬೆರಳಿಗೆ ಟಕ್ ಗೊತ್ತಾದ ಕ್ಷಣವೇ ಚಿಪ್ಪಿಗೂ ಗೊತ್ತಾಗುತ್ತದೆ. 35 ಬಟನ್‌ಗೆ 35 ಸ್ಪ್ರಿಂಗ್ ಜೋಡಿಸುವ ಗೋಜಿಲ್ಲ, ದಪ್ಪವೂ ಇಲ್ಲ. ಅಂಕಿಗಳನ್ನು ಮೇಲೆ ಬಣ್ಣದಲ್ಲಿ ಅಚ್ಚು ಹಾಕಿಲ್ಲ. ಎರಡು ಬಣ್ಣದ ಪ್ಲಾಸ್ಟಿಕ್ಕನ್ನು ಒಂದರೊಳಗೊಂದು ಎರಕ ಹೊಯ್ದಿದ್ದಾರೆ. ಬಟನ್ ಸವೆದರೂ ಅಂಕಿ ಸವೆಯುವುದಿಲ್ಲ. ಐವತ್ತು ವರ್ಷ ದಾಟಿದ ನನ್ನದರಲ್ಲಿ 7 ಇನ್ನೂ 7ರ ಹಾಗೇ ಇದೆ. ಮೊನ್ನೆ ಕೊಂಡ ನನ್ನ ಲ್ಯಾಪ್‌ಟಾಪಿನಲ್ಲಿ ನಾಲ್ಕು ಅಕ್ಷರ ಆಗಲೇ ಮಾಯ.

ಹೊರಗಿನ ರೂಪ ಮಾಡಿದ್ದು ಎಡ್ವರ್ಡ್ ಲಿಲ್ಯೆನ್‌ವಾಲ್. ಇಷ್ಟು ಇಕ್ಕಟ್ಟಿನಲ್ಲಿ ಬೆರಳು ತಪ್ಪಬಾರದು. ಅದಕ್ಕೆ ಜಾಸ್ತಿ ಬಳಸುವ ಅಂಕಿಗಳ ಬಟನ್ ದೊಡ್ಡದು, ಸೈನ್ ಕಾಸ್‌ಗಳದ್ದು ಚಿಕ್ಕದು. ಪಕ್ಕದಿಂದ ನೋಡಿ, ಕೆಳಗೆ ತೆಳ್ಳಗೆ, ಮೇಲೆ ದಪ್ಪ. ಬ್ಯಾಟರಿ ಇರುವುದು ಆ ದಪ್ಪದಲ್ಲಿ.

ಬ್ಯಾಟರಿ ಅಂದಾಗ ಡಿಸ್‌ಪ್ಲೇ ವಿಷಯ ಬರಲೇಬೇಕು. ಆಗ ಎಲ್‌ಸಿಡಿ ಕ್ಯಾಲ್ಕುಲೇಟರಿಗೆ ಬಂದಿರಲಿಲ್ಲ. ಕೆಂಪು ಎಲ್‌ಇಡಿಗಳೇ ಗತಿ, ಅವಕ್ಕೆ ಹಸಿವು ಜಾಸ್ತಿ. ಇಲ್ಲಿ 15 ಸ್ಥಾನಗಳಿವೆ. ದಶಮಾಂಶದ ಚುಕ್ಕಿಗೂ ಒಂದು ಪೂರ್ತಿ ಸ್ಥಾನ ಕೊಟ್ಟಿದ್ದಾರೆ, ಇಲ್ಲದಿದ್ದರೆ ಚುಕ್ಕಿ ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ಅಂಕಿ ಬೇಕೆಂದರೆ ದೊಡ್ಡ ಅರೆವಾಹಕದ ಚೂರು ಬೇಕು, ದುಡ್ಡು ಬೇಕು, ಕರೆಂಟ್ ಬೇಕು. ಅದಕ್ಕೆ ಅಂಕಿಗಳನ್ನು ಸಣ್ಣಗೆ ಮಾಡಿ, ಪ್ರತಿಯೊಂದರ ಮೇಲೂ ಪ್ಲಾಸ್ಟಿಕ್ಕಿನ ಒಂದು ಪುಟ್ಟ ಭೂತಗನ್ನಡಿ ಎರಕ ಹೊಯ್ದರು. ಓರೆಯಾಗಿ ಹಿಡಿದರೆ ನೀರಿನ ಹನಿಗಳ ಸಾಲಿನ ಹಾಗೆ ಕಾಣುತ್ತದೆ. ಮುಂದೆ ಕೂತವರಿಗೆ ಕಾಣುತ್ತಿರಬಹುದು.

ಇನ್ನೊಂದು ಚಾಣಾಕ್ಷತನ. ಆ ಕೆಂಪು ಗೆರೆಗಳು ಯಾವಾಗಲೂ ಉರಿಯುತ್ತಿಲ್ಲ. ಒಂದಾದ ಮೇಲೆ ಒಂದು ಕ್ಷಣಮಾತ್ರ ಜೋರಾಗಿ ಮಿನುಗಿ ಆರುತ್ತವೆ. ಸಣ್ಣಗೆ ಸದಾ ಉರಿಯುವುದಕ್ಕಿಂತ ಹೀಗೆ ಜೋರಾಗಿ ಮಿಂಚಿದಾಗ ಅದೇ ಕರೆಂಟಿಗೆ ಎಲ್‌ಇಡಿ ಜಾಸ್ತಿ ಬೆಳಕು ಕೊಡುತ್ತದೆ. ಕರೆಂಟ್ ತಡೆಯಲು ರೆಸಿಸ್ಟರ್ ಹಾಕಿದರೆ ಅದು ಬಿಸಿಯಾಗಿ ಬ್ಯಾಟರಿ ವ್ಯರ್ಥ. ಬದಲಿಗೆ ಪುಟ್ಟ ಕಾಯಿಲ್‌ಗಳಿವೆ. ಬ್ಯಾಟರಿಯಿಂದ ಒಂದು ಗುಟುಕು ಶಕ್ತಿ ಹೀರಿಕೊಂಡು ಎಲ್‌ಇಡಿಗೆ ಉಗುಳುತ್ತವೆ. ಇಷ್ಟೆಲ್ಲ ಮಾಡಿಯೂ ಮೂರು ಸೆಲ್‌ನಲ್ಲಿ ನಾಲ್ಕೈದು ಗಂಟೆ ಓಡಿದರೆ ಹೆಚ್ಚು. ಚಾರ್ಜರ್ ಇಲ್ಲದೆ ಪರೀಕ್ಷೆಗೆ ಹೋದವನ ಪಾಡು ಯೋಚಿಸಿ.

ಇದೇ ಜೇಬಿಗೆ ಇನ್ನೊಂದು ಉತ್ತರವೂ ಬಂತು. ಅದನ್ನು ಹೇಳದೆ ಬಿಡಲು ಮನಸ್ಸಿಲ್ಲ. 1974ರಲ್ಲಿ ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್ ಕಂಪನಿ ಸಿಂಕ್ಲೇರ್ ಸೈಂಟಿಫಿಕ್ ಅಂತ ಒಂದನ್ನು ತಂದಿತು. ಬೆಲೆ 49.95 ಪೌಂಡ್. ಅದರಲ್ಲಿ ಒಂದೇ ಚಿಪ್. ಅದೂ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಮಾಮೂಲಿ ಕೂಡು-ಕಳೆ ಕ್ಯಾಲ್ಕುಲೇಟರಿಗೆಂದು ಮಾಡಿದ್ದು. ಆಜ್ಞೆಗಳಿಗೆ ಜಾಗ 320 ಮಾತ್ರ. ಅಷ್ಟರಲ್ಲಿ ಸೈನ್, ಲಾಗ್ ಎಲ್ಲ ತುರುಕಿದ್ದು ನೈಜೆಲ್ ಸರ್ಲ್. ನಮ್ಮ ಚಿಲ್ಲರೆ ನಾಣ್ಯಗಳನ್ನು ಇಡಲೂ ಅಲ್ಲಿ ಜಾಗವಿರಲಿಲ್ಲ. ಅದಕ್ಕೆ ಸಣ್ಣ ಸಣ್ಣ ಹೆಜ್ಜೆಯಲ್ಲಿ ಲೆಕ್ಕ ಹಾಕುತ್ತಾ ಕೂರುತ್ತದೆ. ಕೆಲವು ಉತ್ತರಕ್ಕೆ ಹತ್ತು ಸೆಕೆಂಡಿನ ಮೇಲೂ ಕಾಯಬೇಕು, ಬಂದ ಮೇಲೂ ಕೊನೆಯ ಅಂಕಿಗಳನ್ನು ನಂಬುವ ಹಾಗಿಲ್ಲ. ಪೈ ಬಟನ್? ಇಲ್ಲ. 3.14159 ಅಂತ ಡಬ್ಬದ ಮೇಲೇ ಅಚ್ಚು ಹಾಕಿಬಿಟ್ಟಿದ್ದಾರೆ, ನೋಡಿಕೊಂಡು ಒತ್ತಿ ಅಂತ! ಕೆಲವರು ಇದನ್ನು ಮೋಸ ಅಂತಾರೆ. ನನಗೆ ಹಾಗನ್ನಿಸಿಲ್ಲ. ಒಳಗೆ ಜಾಗ ಮುಗಿದಾಗ ಹೊರಗೋಡೆಯನ್ನೂ ನೆನಪಿನ ಜಾಗ ಮಾಡಿಕೊಂಡ ತಲೆಗೆ ನಾನು ಕೈ ಮುಗಿಯುತ್ತೇನೆ. ಲೆಕ್ಕ ಒಪ್ಪಿಸಬೇಕಾದಾಗ ಮಾತ್ರ ಎಚ್‌ಪಿಯನ್ನೇ ಹಿಡಿಯುತ್ತೇನೆ.

ಎಚ್‌ಪಿಯಲ್ಲಿ ತಪ್ಪೇ ಇರಲಿಲ್ಲ ಅಂದುಕೊಳ್ಳಬೇಡಿ. ಸುಮಾರು 25,000 ಮಾರಾಟವಾದ ಮೇಲೆ ಒಂದು ಹುಳುಕು ಸಿಕ್ಕಿತು. 2.02 ಒತ್ತಿ, ಅದರ ನ್ಯಾಚುರಲ್ ಲಾಗ್ ತೆಗೆದು, ಅದರ ಉಲ್ಟಾ ಮಾಡಿದರೆ 2.02 ವಾಪಸ್ ಬರಬೇಕಲ್ಲ? 2 ಬರುತ್ತಿತ್ತು. ಬಾಲ ಮಾಯ. ಪ್ರೋಗ್ರಾಂ ಸಿಲಿಕಾನಿನಲ್ಲೇ ಕೊರೆದು ಕೂತಿದೆ, ಈಗಿನ ಹಾಗೆ ಅಪ್‌ಡೇಟ್ ಕಳಿಸುವ ಮಾತಿಲ್ಲ. ಕಂಪನಿ ಸುಮ್ನೆ ಕೂರದೆ ಕೊಂಡವರಿಗೆ ತಿಳಿಸಿ, ಬೇಕಾದವರಿಗೆ ಬದಲಿಸಿ ಕೊಡುತ್ತೇವೆ ಅಂದಿತು. ತಮಾಷೆ ಅಂದರೆ ಇವತ್ತು ಸಂಗ್ರಹ ಮಾಡುವವರು ಹುಡುಕುವುದು ಆ ತಪ್ಪಿರುವ ಯಂತ್ರವನ್ನೇ. ಮೊದಮೊದಲ ಯಂತ್ರಗಳಲ್ಲಿ ಸ್ವಿಚ್ ಆನ್ ಮಾಡಿದಾಗ ಪಕ್ಕದಲ್ಲಿ ಒಂದು ಕೆಂಪು ಚುಕ್ಕಿ ಕಾಣುತ್ತದೆ.

ನನ್ನದರಲ್ಲಿ ಆ ಚುಕ್ಕಿ ಇಲ್ಲ. ಆದರೂ ಕಿಲುಬು ಒರೆಸಿ ಮುಗಿಸಿದ ಆ ಭಾನುವಾರ ರಾತ್ರಿ, ಡಿಸ್‌ಪ್ಲೇ ಹತ್ತಿಕೊಂಡ ತಕ್ಷಣ ನಾನು ಒತ್ತಿದ ಮೊದಲ ಲೆಕ್ಕ 2.02. ಎಷ್ಟು ಸಲ ಒತ್ತಿದರೂ 2 ಬರಲಿಲ್ಲ. ಸರಿಯಾದ ಉತ್ತರ ನೋಡಿ ಬೇಜಾರಾಗಿದ್ದು ಜೀವನದಲ್ಲಿ ಅದೊಂದೇ ಸಲ.

ಇದನ್ನು ಈಗ ಮೊದಲ ಸಾಲಿನವರ ಕೈಗೆ ಕೊಡುತ್ತೇನೆ, ಹಿಂದಕ್ಕೆ ದಾಟಿಸುತ್ತಾ ಹೋಗಿ. 57 ಒತ್ತಿ, ಟ್ಯಾನ್ ಒತ್ತಿ. ಒತ್ತಿದ ತಕ್ಷಣ ಡಿಸ್‌ಪ್ಲೇ ಒಂದು ಚಣ ಮಿಣುಕಾಡುತ್ತದೆ, ಅದನ್ನು ನೋಡಿ. ಚಿಲ್ಲರೆ ಎಣಿಸುತ್ತಿರುವುದು ಆಗಲೇ. ಬ್ಯಾಟರಿ ಇನ್ನು ಅರ್ಧ ಗಂಟೆ ಬರಬಹುದು, ಒಬ್ಬೊಬ್ಬರು ಒಂದೇ ಸಲ ಒತ್ತಿ.